ಸ್ಪರ್ಶಕ್ಕೆ ಕೂತವನು

ಅಕ್ಟೋಬರ್ ೧೨, ೧೬೩೩. ಬುಧವಾರ

ಬೆಳಿಗ್ಗೆ ಅಣ್ಣನ ಮನೆಯಲ್ಲಿ ಸೀಸದ ಬಿಳಿ ಅರೆದು ಕೊಟ್ಟು ಬಂದೆ. ಭುಜ ಬಿದ್ದುಹೋಗಿದೆ. ನಾನು ಮದುವೆಯಾಗಿ ಬೇರೆ ಮನೆ ಸೇರಿದ್ದರೂ ಗೋವರ್ಟ್ ಅಣ್ಣನಿಗೆ ಬಣ್ಣ ಅರೆಯಲು ನಾನೇ ಆಗಬೇಕು. ಬೇರೆಯವರು ಅರೆದರೆ ಹರಳು ಹರಳು ಉಳಿಯುತ್ತದಂತೆ. 'ನಮ್ಮ ಸಾನೆ, ನಮ್ಮ ಸಾನೆ' ಎಂದು ನನ್ನನ್ನು ಹೊಗಳಿ ಹೊಗಳಿ ದುಡಿಸಿಕೊಳ್ಳುವುದು ಅವನಿಗೆ ಚೆನ್ನಾಗಿ ಗೊತ್ತು.

ಅಣ್ಣ ಬಿಡಿಸುತ್ತಿರುವ ಚಿತ್ರಗಳಲ್ಲಿ ವಾಸನೆಯ ಹಲಗೆ ಒಣಗಿದೆ. ಅದರಲ್ಲಿ ನಾನು ಮಗು ಕೋಬಸ್‌ನ ಅಂಡು ಒರೆಸುತ್ತಿದ್ದೇನೆ, ಪಕ್ಕದಲ್ಲಿ ಒಬ್ಬ ಮುದುಕ ಮೂಗು ಹಿಡಿದುಕೊಂಡು ನಿಂತಿದ್ದಾನೆ. ಪಕ್ಕದ ಮನೆಯ ತ್ರೈನ್ ನೋಡಲು ಬಂದಿದ್ದಳು. ನಕ್ಕು ನಕ್ಕು ಗೋಡೆಗೆ ಒರಗಿದಳು. "ಏನೇ ಸೂಸನ್ನಾ, ನಿನ್ನ ಮಗ ಹಲ್ಲು ಬರೋಕ್ ಮುಂಚೆನೇ ದೊಡ್ಡವರ ಮನೆ ಸೇರ್ಕೊಂಡ್ನಲ್ಲೇ! ಅದೂ ಮುಖ ತೋರಿಸ್ದೆ!"

ಬಿಯರ್ ಭಟ್ಟಿಯ ಧಣಿ ತಮ್ಮ ಊಟದ ಕೋಣೆಗೆಂದು ಹೇಳಿ ಮಾಡಿಸುತ್ತಿರುವುದು. ಪಂಚೇಂದ್ರಿಯಗಳು, ಐದು ಹಲಗೆ. ಊರಲ್ಲಿ ಉಳ್ಳವರಿಗೆಲ್ಲ ಈಗ ಅದೇ ಹುಚ್ಚು. ನೋಟಕ್ಕೆ ಖಾಲಿ ಹೂಜಿಯೊಳಗೆ ಇಣುಕುವ ಕುಡುಕ. ಶ್ರವಣಕ್ಕೆ ಅಪಸ್ವರದ ಪಿಟೀಲಿನವನು. ರುಚಿಗೆ ಕಹಿ ಔಷಧಿ ಕುಡಿದು ಮುಖ ಕಿವುಚಿದ ಅಂಬಿಗ. ನೋಡಿದವರು ನಗಬೇಕು, ನಕ್ಕು ಇನ್ನೊಂದು ಲೋಟ ಕುಡಿಯಬೇಕು. ಉಳಿದದ್ದು ಸ್ಪರ್ಶ ಒಂದೇ.

ಅದಕ್ಕೆ ಹೆಂಡತಿ ಗಂಡನಿಗೆ ಚಪ್ಪಲಿಯಲ್ಲಿ ಹೊಡೆಯುವ ಹಾಗೆ ಮಾಡೋಣ ಎಂದ ಅಣ್ಣ. ನಾನು ಹೊಡೆಯುವವಳು, ಯೋರಿಸ್ ಹೊಡೆಸಿಕೊಳ್ಳುವವನು. ಚಪ್ಪಲಿ ಎತ್ತಿದೆ. ಎರಡು ಬಿಟ್ಟೆ ಕೂಡ — ನಿಜವಾಗಿಯೇ. ಯೋರಿಸ್ ಮುಖ ಒಂದಿಷ್ಟೂ ಕದಲಲಿಲ್ಲ.

"ಏಟು ಬಿದ್ರೂ ಪೀಪಾಯಿ ಮುಚ್ಚಳದ ಥರಾನೇ ಕೂತಿರ್ತಾನಲ್ಲೇ ನಿನ್ನ ಗಂಡ!" ಅಣ್ಣ ಸೀಮೆಸುಣ್ಣ ಕೆಳಗಿಟ್ಟ. "ಇಂಥ ಮುಖ ಇಟ್ಕೊಂಡು ಏನ್ ಬಿಡಿಸ್ಲಿ ನಾನು?"

ಎಲ್ಲರೂ ನಕ್ಕೆವು. ಯೋರಿಸ್ ಕೂಡ ನಕ್ಕ. ಮನೆಗೆ ಬಂದ ಮೇಲೆ ತಾಮ್ರದ ಪಾತ್ರೆ ಎತ್ತಿ ಅದರಲ್ಲಿ ಮುಖ ನೋಡಿಕೊಳ್ಳುತ್ತಿದ್ದ. ನಾನು ಬಂದದ್ದು ಕಂಡು ಪಾತ್ರೆ ಉಜ್ಜುವವನ ಹಾಗೆ ನಟಿಸಿದ. ಅವನು ಇಷ್ಟು ವರ್ಷದಲ್ಲಿ ಒಂದು ಪಾತ್ರೆ ಉಜ್ಜಿದ್ದಿಲ್ಲ.

ಅಕ್ಟೋಬರ್ ೧೪, ಶುಕ್ರವಾರ

ಯೋರಿಸ್ ಕೈ ಕೊಯ್ದುಕೊಂಡಿದ್ದಾನೆ. ಭಟ್ಟಿಯವರು ಇಬ್ಬರು ಹಿಡಿದುಕೊಂಡು ಬಂದರು. ಪೀಪಾಯಿಯ ಹಲಗೆ ಕೆತ್ತುವಾಗ ಬಾಚಿ ಜಾರಿತಂತೆ. ಎಡಗೈ, ಮೊಣಕೈಯಿಂದ ಸ್ವಲ್ಪ ಕೆಳಗೆ. ಬಾಯಿ ಬಿಟ್ಟ ಗಾಯ. ಮೂಳೆಗೆ ತಗುಲಿಲ್ಲ.

ಮೇಸ್ಟ್ರು ಲಾಂಬೆರ್ಟ್ ಬಂದರು. ನಮ್ಮ ಬೀದಿಗೆಲ್ಲ ಅವರೇ. ಗಡ್ಡ ಹೆರೆಯುವುದು, ಹಲ್ಲು ಕೀಳುವುದು, ಗಾಯ ಕಟ್ಟುವುದು. ವೈನ್‌ನಲ್ಲಿ ತೊಳೆದು, ರಾಳದ ಅಂಟು ಮೆತ್ತಿದ ಬಟ್ಟೆ ಪಟ್ಟಿ ಅಂಟಿಸಿದರು. "ಬಾಚಿ ಹರಿತ ಇತ್ತು, ಒಳ್ಳೇದಾಯ್ತು. ಮೊಂಡು ಬಾಚಿ ಆಗಿದ್ರೆ ಗಾಯ ಹರ್ಕೊಂಡಿರೋದು. ಕ್ರಿಸ್‌ಮಸ್ ಹೊತ್ತಿಗೆ ಇವನು ಪೀಪಾಯಿ ಎತ್ತಿ ಎಸೀತಾನೆ ಬಿಡಮ್ಮಾ."

ಅವನು ಮಲಗಿದ್ದಾನೆ.

ಅಕ್ಟೋಬರ್ ೧೭, ಸೋಮವಾರ

ಮೊದಲ ಪಟ್ಟಿ ಬಿಚ್ಚಿದರು. ಅಂಟು ಕೈಯ ರೋಮಕ್ಕೆಲ್ಲ ಹಿಡಿದುಕೊಂಡಿತ್ತು. ಮೇಸ್ಟ್ರು ಒಂದು ತುದಿ ಹಿಡಿದು ಮೆಲ್ಲಗೆ ಎಳೆದರು — ಆಗ ಯೋರಿಸ್ ಮುಖ ನೋಡಬೇಕಿತ್ತು. ಒಂದು ಹುಬ್ಬು ಮೇಲೆ, ಒಂದು ಕೆಳಗೆ. ಬಾಯಿ ಓರೆಯಾಗಿ ಅಗಲಿಸಿಕೊಂಡು, ಒಂದು ಕಣ್ಣು ಗಟ್ಟಿಯಾಗಿ ಮುಚ್ಚಿ, ಇನ್ನೊಂದು ಕಣ್ಣಲ್ಲಿ ಪಟ್ಟಿಯನ್ನೇ ನೋಡುತ್ತ... ದೇವರು ಕ್ಷಮಿಸಲಿ, ನನಗೆ ನಗು ಬಂತು. ಏಪ್ರನ್‌ನ ಅಂಚು ಬಾಯಿಗೆ ತುರುಕಿಕೊಂಡೆ.

ಅಣ್ಣ ಬಾಗಿಲಲ್ಲೇ ನಿಂತಿದ್ದ. ಯೋಗಕ್ಷೇಮ ವಿಚಾರಿಸಲು ಬಂದವನು ವಿಚಾರಿಸುವುದನ್ನೇ ಮರೆತ.

"ಇದೇ! ಸಾನೆ, ಇದೇ ಕಣೇ! ಇಷ್ಟು ದಿನ ಈ ಮುಖ ಎಲ್ಲೋ ಬಚ್ಚಿಟ್ಟಿದ್ದೆ ನೀನು?" ಎಂದು ಯೋರಿಸ್‌ನ ಎರಡೂ ಕೆನ್ನೆ ಹಿಡಿದುಕೊಂಡ. ಯೋರಿಸ್ ಕಣ್ಣಲ್ಲಿ ನೀರು, ಬಾಯಲ್ಲಿ ನಗು.

ಚಪ್ಪಲಿ ಕಥೆ ಮುಗಿಯಿತು. ಸ್ಪರ್ಶದ ಹಲಗೆಗೆ ಗಾಯದ ಪಟ್ಟಿ ಕೀಳುವ ಮೇಸ್ಟ್ರು, ಕೀಳಿಸಿಕೊಳ್ಳುವ ಯೋರಿಸ್, ಹಿಂದೆ ನಿಂತು ಕೈ ಹಿಸುಕಿಕೊಳ್ಳುವ ನಾನು.

ಅಕ್ಟೋಬರ್ ೧೯, ಬುಧವಾರ

ಅಣ್ಣನ ಮನೆಯ ಅಟ್ಟದಲ್ಲಿ ಕೂತರು. ಮೇಸ್ಟ್ರು ಲಾಂಬೆರ್ಟ್ ಹೊಸ ಗಂಜಿ ಹಾಕಿದ ನೆರಿಗೆ ಕಾಲರ್ ತೊಟ್ಟು ಬಂದಿದ್ದರು. ಲೈಡನ್ನಿನ ಡಾಕ್ಟರುಗಳು ತೊಡುವಂಥದ್ದು. ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ.

"ಮೇಸ್ಟ್ರೇ, ಇದು ಹಳ್ಳಿ ವೈದ್ಯನ ಚಿತ್ರ. ಈ ಕಾಲರ್ ಹಾಕ್ಕೊಂಡ್ರೆ ನಿಮ್ಮನ್ನ ನೋಡಿ ಯಾರೂ ನಗಲ್ಲ."

"ನಗೋದು ಯಾಕಪ್ಪ ನನ್ನ ನೋಡಿ? ಅವನನ್ನ ನೋಡಿ ನಗ್ಲಿ. ನಾನು ನನ್ನ ಕೆಲಸ ಮಾಡ್ತಿದೀನಿ."

ಕೊನೆಗೆ ಕಾಲರ್ ಉಳಿಯಿತು. ಹಟಕ್ಕೆ ಬಿದ್ದರೆ ಮೇಸ್ಟ್ರು ಅಣ್ಣನನ್ನೇ ಮೀರಿಸುತ್ತಾರೆ.

ಪಟ್ಟಿ ಎಳೆಯುವುದು, ನಿಲ್ಲಿಸುವುದು, ಮತ್ತೆ ಅಂಟಿಸುವುದು, ಮತ್ತೆ ಎಳೆಯುವುದು. ನನಗೆ ನಗು ಎಲ್ಲಿಯೋ ಹೋಗಿತ್ತು. ಯೋರಿಸ್ ಮಾತ್ರ ಒಂದು ಸಲವೂ ಸಾಕು ಎನ್ನಲಿಲ್ಲ. ಅಣ್ಣ ಕಂದು ಬಣ್ಣದಲ್ಲಿ ಮೊದಲ ಹಾಸು ಮುಗಿಸಿದ. ಬರೀ ನೆರಳು-ಬೆಳಕು. ಅಷ್ಟರಲ್ಲೇ ಯೋರಿಸ್ ಅಲ್ಲಿದ್ದಾನೆ. ಅಣ್ಣನ ಕೈಯಲ್ಲಿ ಕಲೆ ಇದೆ, ಅದನ್ನು ಯಾರೂ ಇಲ್ಲವೆನ್ನಲಾರರು.

ಮೊದಲ ಹಾಸು ಒಣಗಬೇಕು. ಒದ್ದೆ ಕಾಲ, ಎರಡು ವಾರವಾದರೂ ಹಿಡಿಯುತ್ತದೆ. ಅದರ ಮೇಲೆ ಚರ್ಮದ ಬಣ್ಣ, ರಕ್ತದ ಬಣ್ಣ. ಅದಕ್ಕೆ ಮತ್ತೊಮ್ಮೆ ಕೂರಬೇಕು.

ಅಕ್ಟೋಬರ್ ೨೩, ಭಾನುವಾರ

ಗಾಯ ಚೆನ್ನಾಗಿ ಕೂಡಿಕೊಳ್ಳುತ್ತಿದೆ. ಅಂಚು ಗುಲಾಬಿ ಬಣ್ಣಕ್ಕೆ ತಿರುಗಿದೆ. ಚರ್ಚಿನಿಂದ ಬರುವಾಗ ಯೋರಿಸ್ ಅದೇ ಕೈಯಲ್ಲಿ ಕೋಬಸ್‌ನನ್ನು ಎತ್ತಿಕೊಂಡಿದ್ದ. ನನಗೆ ಎಷ್ಟು ಖುಷಿ ಎಂದು ಬರೆಯಲು ಗೊತ್ತಾಗುತ್ತಿಲ್ಲ. ಬಟಾಣಿ ಸೂಪಿಗೆ ಹಂದಿಮಾಂಸ ಹಾಕಿ ಮಾಡಿದೆ.

ಊಟಕ್ಕೆ ಅಣ್ಣ ಬಂದಿದ್ದ. ಗಾಯ ನೋಡಿದ. ಅವನ ಮುಖ ಸಣ್ಣಗಾಯಿತು.

ಅಕ್ಟೋಬರ್ ೨೪, ಸೋಮವಾರ

ಸಿಟ್ಟಿಗೆ ಲೇಖನಿ ಒತ್ತಿ ಕಾಗದ ಹರಿದಿದೆ.

ಅಣ್ಣ ಮೇಸ್ಟ್ರನ್ನು ಕರೆದುಕೊಂಡು ಬಂದ. ಹಲಗೆ ಒಣಗುವಷ್ಟರಲ್ಲಿ ಗಾಯವೇ ಇರುವುದಿಲ್ಲ. ಒಣಗಿದ ಗಾಯದ ಮೇಲಿಂದ ಪಟ್ಟಿ ಕಿತ್ತರೆ ಆ ಮುಖ ಬರುವುದಿಲ್ಲ. ಹಾಗಾಗಿ ಅಲ್ಲಿಯವರೆಗೆ ಗಾಯ ತೆರೆದಿಡಬೇಕಂತೆ.

ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡೆ. ಮೇಸ್ಟ್ರು ತಲೆ ಅಲ್ಲಾಡಿಸಿ ಬೇಡ ಎನ್ನುತ್ತಾರೆ ಅಂದುಕೊಂಡೆ. ಅವರು ಗಡ್ಡ ನೀವಿಕೊಂಡರು.

"ಅದ್ರಲ್ಲೇನೂ ತಪ್ಪಿಲ್ಲಮ್ಮಾ. ಗಾಯ ಬೇಗ ಮುಚ್ಚಿದ್ರೆ ಕೆಟ್ಟ ನೀರು ಒಳಗೇ ಉಳೀತದೆ. ಬಟಾಣಿ ಕಾಳು ಇಟ್ಟು ಕಟ್ಟಿದ್ರೆ ಅದು ಊದ್ಕೊಂಡು ಬಾಯಿ ತೆಗೆದಿರುತ್ತೆ, ಕೀವೆಲ್ಲ ಹೊರಗ್ ಬರುತ್ತೆ. ನಾವು ಎಷ್ಟು ಜನಕ್ಕೆ ಮಾಡಿದೀವಿ. ಒಳ್ಳೇದೇ ಆಗುತ್ತೆ."

ಅದು ನಿಜ. ತ್ರೈನ್‌ಳ ಮಾವನ ಕಾಲಿಗೂ ಹಾಗೇ ಕಟ್ಟಿದ್ದರು, ಮುದುಕ ಈಗಲೂ ಓಡಾಡುತ್ತಾನೆ. ಆದರೆ ಅವನ ಗಾಯ ಕೆಟ್ಟಿತ್ತು. ಇದು ವಾಸಿಯಾಗುತ್ತಿರುವ ಗಾಯ!

"ಅಣ್ಣ, ನೆನಪಿಂದ ಬಿಡ್ಸು. ಅಪ್ಪ ಬಿಡಿಸ್ತಿರ್ಲಿಲ್ವ?"

"ಅಪ್ಪನ ಚಿತ್ರದಲ್ಲಿ ಇರೋರೆಲ್ಲ ಒಂದೇ ತಾಯಿ ಮಕ್ಕಳ ಥರ ಇರ್ತಿದ್ರು ಕಣೇ. ನನ್ನ ಕೈಲಿ ಆಗಲ್ಲ. ಕಣ್ಣ್ ಮುಂದೆ ಇದ್ರೆ ಮಾತ್ರ ನಂಗೆ ಕಾಣ್ಸೋದು."

"ಹಾಗಿದ್ರೆ ನನ್ನ ಕೈ ಕೊಯ್ದು ಬಿಡ್ಸು!"

ಯೋರಿಸ್ ನನ್ನ ಭುಜ ಹಿಡಿದು ಕೂರಿಸಿದ. ಮೇಸ್ಟ್ರತ್ತ ಕೈ ಚಾಚಿದ. ನಾನು ಹಿತ್ತಲಿಗೆ ಹೋಗಿ ನಿಂತೆ. ಒಳಗಿಂದ ಅವನು ಒಮ್ಮೆ ಹಾ ಎಂದದ್ದು ಕೇಳಿಸಿತು.

ಅಕ್ಟೋಬರ್ ೨೭, ಗುರುವಾರ

ದಿನಾ ಪಟ್ಟಿ ಬದಲಿಸುವ ಕೆಲಸ ನನಗೆ ಬಿಟ್ಟಿದ್ದಾರೆ. ಮಂಗಳವಾರ ಕಾಳು ತೆಗೆದು ಬಿಸಾಕಿದೆ. ಬ್ರಾಂಡಿಯಲ್ಲಿ ತೊಳೆದೆ, ಜೇನು ಸವರಿದೆ, ಖಾಲಿ ಬಟ್ಟೆ ಕಟ್ಟಿದೆ. ಯಾರಿಗೂ ಹೇಳಲಿಲ್ಲ. ಯೋರಿಸ್ ಆ ಕಡೆ ಮುಖ ತಿರುಗಿಸಿ ಕೂರುತ್ತಾನೆ, ನೋಡುವುದಿಲ್ಲ. ಮೂರು ದಿನಕ್ಕೆ ಅಂಚು ಮತ್ತೆ ಹತ್ತಿರ ಬಂದಿದೆ.

ಬಣ್ಣ ಅರೆಯಲು ಹೋಗಿಲ್ಲ. ಅಣ್ಣ ಎರಡು ಸಲ ಹೇಳಿಕಳಿಸಿದ. ಅವನೇ ಅರೆದುಕೊಳ್ಳಲಿ.

ಅಕ್ಟೋಬರ್ ೨೮, ಶುಕ್ರವಾರ

ಗೊತ್ತಾಗಿಹೋಯಿತು. ಯೋರಿಸ್ ತಾನೇ ಪಟ್ಟಿ ಬಿಚ್ಚಿ ನೋಡಿದ್ದಾನೆ. ನಾನು ಮೀನು ಹೆಚ್ಚುತ್ತಿದ್ದೆ. ಹಿಂದೆ ಬಂದು ನಿಂತ.

"ಕಾಳೆಲ್ಲಿ, ಸಾನೆ?"

"ಬಿಸಾಕ್ದೆ."

ಕೂಗಾಡುತ್ತಾನೆ ಅಂದುಕೊಂಡೆ. ಕೂಗಾಡಿದ್ದರೆ ನಾನೂ ಕೂಗಾಡುತ್ತಿದ್ದೆ, ಬಹುಶಃ ಗೆಲ್ಲುತ್ತಿದ್ದೆ. ಅವನು ಕುರ್ಚಿ ಎಳೆದುಕೊಂಡು ಕೂತ.

"ಹನ್ನೊಂದು ವರ್ಷ ಆಯ್ತು ನಾನು ಆ ಭಟ್ಟಿ ಸೇರಿ. ಧಣಿ ದಿನಾ ನನ್ನ ಪಕ್ಕದಲ್ಲೇ ಹೋಗ್ತಾರೆ. ಒಂದಿನ ಕೇಳಿದ್ರು, 'ನೀನು ಹೊಸಬನೇನಯ್ಯಾ?' ಅಂತ. ಹೋದ ವರ್ಷ ಕೇಳಿದ್ದು ಇದು. ಈಗ ಅವರು ಊಟಕ್ಕೆ ಕೂತಾಗೆಲ್ಲ ನಾನು ಎದುರಿಗೇ ಇರ್ತೀನಿ. ದಿನಾ ನೋಡ್ಬೇಕು ಅವರು, ಬೇಡ ಅಂದ್ರೂ ನೋಡ್ಬೇಕು. ಇವನು ನಮ್ಮ ಯೋರಿಸ್ ಅಲ್ವಾ ಅಂತಾರೆ. ನಗ್ತಾರೆ. ನನ್ನಿಂದ ಯಾರಾದ್ರೂ ಯಾವಾಗಾದ್ರೂ ನಕ್ಕಿದಾರಾ? ನೀನೇ ಹೇಳು."

"ನಾನು ನೋಡಲ್ವಾ ನಿನ್ನ?"

"ನೋಡ್ತೀಯ... ಭಾವ ನೋಡ್ದಷ್ಟು ಹೊತ್ತು ನೋಡಿಲ್ಲ."

ಚುಚ್ಚಿತು. ಅವನೇ ಎದ್ದು, ಸೂಪಿಗೆಂದು ಇಟ್ಟ ಕಾಳಿನ ಡಬ್ಬಿಗೆ ಕೈ ಹಾಕಿ, ಒಂದು ಬಟಾಣಿ ಆರಿಸಿ, ಅಂಗಿಗೆ ಒರೆಸಿ ಒಳಗೆ ಒತ್ತಿಕೊಂಡ. ಮಣ್ಣು ಮೆತ್ತಿದ್ದ ಕಾಳು, ಮೊನ್ನೆ ಸಂತೆಯಿಂದ ತಂದದ್ದು ಇನ್ನೂ ತೊಳೆದಿರಲಿಲ್ಲ. ಹಲ್ಲು ಕಚ್ಚಿಕೊಂಡು ಒತ್ತಿದ. ನಾನು ಮೀನಿನ ಚೂರಿ ಹಿಡಿದು ನೋಡುತ್ತಾ ನಿಂತಿದ್ದೆ. ಆ ಡಬ್ಬಿ ಕಿತ್ತು ಕಾಲುವೆಗೆ ಎಸೆಯಬೇಕಿತ್ತು.

ಅಕ್ಟೋಬರ್ ೩೦, ಭಾನುವಾರ

ಗಾಯ ಊದಿದೆ. ಮೇಸ್ಟ್ರು ಕೀವು ಮೂಸಿ ನೋಡಿ "ಒಳ್ಳೇ ಬಿಳಿ ಕೀವು, ಭೇಷ್" ಎಂದರು. ನಾನು ಮಾತು ಬಿಟ್ಟಿದ್ದೇನೆ. ಅಣ್ಣನ ಹತ್ತಿರವೂ, ಗಂಡನ ಹತ್ತಿರವೂ. ಕೋಬಸ್ ಒಬ್ಬನೇ ಸಿಕ್ಕಿದ್ದಾನೆ, ಅವನಿಗೆ ಮಾತು ಬರುವುದಿಲ್ಲ.

ನವೆಂಬರ್ ೨, ಬುಧವಾರ

ಎಲ್ಲಿಂದ ಶುರು ಮಾಡಲಿ.

ಬೆಳಿಗ್ಗೆ ಬ್ರೆಡ್ಡಿನ ಗಟ್ಟಿ ಅಂಚು ಕಚ್ಚಲಾಗಲಿಲ್ಲ ಅವನಿಗೆ. ದವಡೆ ಹಿಡಿದುಕೊಂಡಿದೆ ಎಂದ. ನಿನ್ನೆಯಿಂದಲೇ ಕತ್ತು ನೋವಂತೆ, ಹೇಳಿರಲಿಲ್ಲ. ನಾನು ಮಾತು ಬಿಟ್ಟಿದ್ದೆನಲ್ಲ, ಯಾರಿಗೆ ಹೇಳುತ್ತಾನೆ. ಚಳಿಗಾಳಿಗೆ ಹಾಗಾಗಿದೆ ಅಂದುಕೊಂಡು ಬ್ರೆಡ್ಡನ್ನು ಬಿಯರಿನಲ್ಲಿ ನೆನೆಸಿ ಕೊಟ್ಟೆ. ಹಲಗೆ ಒಣಗಿತ್ತು, ಕೂರಲೇಬೇಕಿತ್ತು. ಇವತ್ತು ಮುಗಿದರೆ ನಾಳೆಯೇ ಕಾಳು ತೆಗೆಯುವುದು ಎಂದು ಮೂವರಿಂದಲೂ ಮಾತು ತೆಗೆದುಕೊಂಡೆ.

ಅಟ್ಟದಲ್ಲಿ ಒಳ್ಳೆಯ ಬೆಳಕಿತ್ತು. ಅಣ್ಣ ರಕ್ತದ ಕೆಂಪಿಗೆ ಇಂಗಳೀಕ ಕಲಸಿಟ್ಟುಕೊಂಡಿದ್ದ, ಕೆಟ್ಟದಾಗಿ ಅರೆದಿದ್ದ. ಮೇಸ್ಟ್ರು ಕಾಲರ್ ಸರಿಮಾಡಿಕೊಂಡು ಪಟ್ಟಿಯ ತುದಿ ಹಿಡಿದರು. ಎಳೆದರು.

ಯೋರಿಸ್ ಬಾಯಿ ತೆರೆಯಲಿಲ್ಲ. ಹಲ್ಲು ಹಲ್ಲಿಗೆ ಕೂತಿತ್ತು. ತುಟಿಯ ಎರಡೂ ಕೊನೆ ಹಿಂದಕ್ಕೆ ಎಳೆದುಕೊಂಡು, ಹುಬ್ಬು ಎರಡೂ ಮೇಲೇರಿ — ನಗುತ್ತಿರುವವನ ಹಾಗೆ.

"ಹಲ್ಲು ಕಿರೀಬೇಡ ಕಣೋ!" ಅಣ್ಣನಿಗೆ ಸಿಟ್ಟು. "ಅವತ್ತು ಹೇಗೆ ಬಾಯಿ ಬಿಟ್ಟಿದ್ದೆ, ಹಾಗೆ ಬಿಡು."

"ಬಿಡ್ತಿದೀನಿ ಭಾವ..." ಹಲ್ಲಿನ ಸಂದಿಯಿಂದ ಬಂತು ಮಾತು.

"ಎಲ್ಲಿ ಬಿಡ್ತಿದೀಯ? ನಗ್ತಿದೀಯ! ಮೇಸ್ಟ್ರೇ, ಇನ್ನೊಂದ್ಸಲ ಎಳೀರಿ."

ಮೇಸ್ಟ್ರು ಎಳೆಯಲಿಲ್ಲ. ಯೋರಿಸ್ ಮುಖವನ್ನೇ ನೋಡುತ್ತಿದ್ದರು. ಬೆರಳಿನಿಂದ ಅವನ ದವಡೆ ಮುಟ್ಟಿದರು, ಮರ ಮುಟ್ಟಿ ನೋಡುವ ಹಾಗೆ. ಆಮೇಲೆ ಕತ್ತು. ಆಮೇಲೆ ಪಟ್ಟಿ ಕೆಳಗಿಟ್ಟು, ತಮ್ಮ ಕಾಲರ್ ಬಿಚ್ಚಿ, ಮಡಚಿ ಜೇಬಿಗೆ ತುರುಕಿಕೊಂಡರು. ಗಂಜಿಯೆಲ್ಲ ಮುರಿಯುವ ಹಾಗೆ.

"ಏನಾಯ್ತು ಮೇಸ್ಟ್ರೇ?" ಎಂದೆ.

"ಮನೆಗೆ ಕರ್ಕೊಂಡು ಹೋಗೋಣಮ್ಮಾ. ಮೆಲ್ಲಗೆ. ಅಲುಗಾಡಿಸ್ಬೇಡಿ ಅವನ್ನ."

"ಯಾಕೆ? ಇನ್ನೂ ಬಾಯಿ ಬಿಡಿಸಿಲ್ಲ ನಾನು," ಎಂದ ಅಣ್ಣ. ಕುಂಚ ಕೈಯಲ್ಲೇ ಇತ್ತು.

ಮೇಸ್ಟ್ರು ತಿರುಗಿ ನೋಡಿದರು. "ಧನುರ್ವಾಯು," ಎಂದರು. ಅಷ್ಟೇ.

ನವೆಂಬರ್ ೩, ಗುರುವಾರ

ಮೇಸ್ಟ್ರು ಕಾಳು ತೆಗೆದರು, ಕಾದ ಕಬ್ಬಿಣದಿಂದ ಗಾಯ ಸುಟ್ಟರು. ಈಗ ಏನು ಮಾಡಿದರೂ ಅಷ್ಟೇ ಎಂದು ಅವರ ಮುಖವೇ ಹೇಳುತ್ತಿತ್ತು.

ಗೋಡೆಯೊಳಗಿನ ಮಂಚದಲ್ಲಿ ಮಲಗಿಸಿ ಅದರ ಬಾಗಿಲು ಮುಚ್ಚಿದ್ದೇವೆ. ಬೆಳಕು ಬೀಳಬಾರದು. ಶಬ್ದ ಆಗಬಾರದು. ಮುಟ್ಟಬಾರದು. ಯಾವುದಾದರೂ ಒಂದು ಆದರೆ ಸಾಕು, ಮೈಯೆಲ್ಲ ಬಿಲ್ಲಿನಂತೆ ಹಿಂದಕ್ಕೆ ಬಾಗುತ್ತದೆ, ಹಿಮ್ಮಡಿ ಮತ್ತು ತಲೆ ಮಾತ್ರ ಹಾಸಿಗೆಗೆ. ಉಸಿರು ನಿಲ್ಲುತ್ತದೆ. ಮತ್ತೆ ಬರುತ್ತದೆ. ಅವನಿಗೆ ಎಲ್ಲ ತಿಳಿಯುತ್ತದೆ, ಅದೇ ದೊಡ್ಡ ಶಿಕ್ಷೆ. ಬುದ್ಧಿ ಸ್ವಚ್ಛವಾಗಿದೆ. ಕಣ್ಣು ನನ್ನನ್ನೇ ಹುಡುಕುತ್ತದೆ.

ಕೋಬಸ್ ಅತ್ತಾಗ ಮೊದಲನೆಯ ಸಲ ಆ ಸೆಳೆತ ಬಂತು. ತ್ರೈನ್ ಮಗುವನ್ನು ತನ್ನ ಮನೆಗೆ ಎತ್ತಿಕೊಂಡು ಹೋದಳು. ಎದೆ ಹಾಲು ಕಟ್ಟಿಕೊಂಡು ನೋಯುತ್ತಿದೆ.

ಮರದ ಜೋಡು ಹೊರಗೆ ಬಿಟ್ಟಿದ್ದೇನೆ. ಬರಿ ಕಾಲ್ಚೀಲದಲ್ಲಿ ನಡೆಯುತ್ತೇನೆ. ಅವನ ಹಲ್ಲೊಂದು ಹಿಂದೆ ಮುರಿದಿತ್ತು. ಆ ಸಂದಿಯಿಂದ ಚಮಚದಲ್ಲಿ ಮಜ್ಜಿಗೆ ಬಿಡುತ್ತೇನೆ. ಚಮಚ ತುಟಿಗೆ ತಾಗಬಾರದು.

ನವೆಂಬರ್ ೪, ಶುಕ್ರವಾರ

ಊರ ಬಾಗಿಲು ಮುಚ್ಚುವ ಗಂಟೆ. ಹುಟ್ಟಿದಾಗಿನಿಂದ ಕೇಳಿದ್ದೇನೆ. ಕೇಳಿ ಕೇಳಿ ಅದು ಕಿವಿಗೆ ಬೀಳುವುದೇ ನಿಂತುಹೋಗಿತ್ತು. ನಿನ್ನೆ ಸಂಜೆ ಅದು ಶುರುವಾದಾಗ ಮಂಚದೊಳಗಿಂದ ಬಂದ ಸದ್ದು... ಗಂಟೆ ನಿಲ್ಲುವವರೆಗೆ ಸೆಳೆತ ಬಿಡಲಿಲ್ಲ ಅವನನ್ನು.

ಇವತ್ತು ಗಂಟೆಯವನ ಹತ್ತಿರ ಹೋದೆ. ಮುದುಕ, ಕಿವಿ ಅರ್ಧ ಹೋಗಿದೆ. ಕೂಗಿ ಹೇಳಬೇಕಾಯಿತು.

"ನಿಲ್ಸೋಕ್ ಆಗಲ್ಲ ತಾಯೀ. ಗಂಟೆ ಆಗ್ದೆ ಕಾವಲಿನವರು ಬಾಗಿಲು ಹಾಕಲ್ಲ. ಸಣ್ಣ ಗಂಟೆ ಮಾತ್ರ ಎಳೀತೀನಿ, ಬೇಗ ಮುಗಿಸ್ತೀನಿ. ನನ್ನ ಕೈಲಾಗೋದು ಅಷ್ಟೇ." ಅವನ ಕಣ್ಣಲ್ಲಿ ನೀರು ಬಂತು. ನನಗೆ ಬರಲಿಲ್ಲ.

ಕಿಟಕಿಗೆ ದುಪ್ಪಟಿ, ಬಾಗಿಲಿಗೆ ದುಪ್ಪಟಿ, ಮಂಚದ ಬಾಗಿಲ ಮೇಲೆ ನನ್ನ ಚಳಿಗಾಲದ ಲಂಗ. ಅವನು ಹೇಳಿದ ಹಾಗೆ ಬೇಗ ಮುಗಿಸಿದ. ಆದರೂ ಬಂತು.

ನವೆಂಬರ್ ೫, ಶನಿವಾರ

ಅಣ್ಣ ಬಂದಿದ್ದ. ಮೂರು ದಿನ ಬಂದಿರಲಿಲ್ಲ. ಹೊಸ್ತಿಲಲ್ಲೇ ಜೋಡು ಕಳಚಿ ಬೆಕ್ಕಿನ ಹಾಗೆ ಒಳಗೆ ಬಂದ. ಕ್ಷೌರ ಮಾಡಿಲ್ಲ, ಕಣ್ಣು ಕೆಂಪು. ಮಂಚದ ಬಾಗಿಲು ಒಂದು ಬೆರಳಷ್ಟು ತೆರೆದು ಪಕ್ಕದಲ್ಲಿ ಮೊಣಕಾಲೂರಿದ. ಯೋರಿಸ್ ಹಲ್ಲಿನ ಸಂದಿಯಿಂದ ಕೇಳಿದ:

"ಮುಗೀತಾ... ಭಾವ?"

"ಮುಗೀತು ಕಣೋ." ಅಣ್ಣನ ದನಿ ಪಿಸುಗುಟ್ಟಿದಷ್ಟೇ. "ಮುಗೀತು, ನಿನ್ನೆ ತಗೊಂಡೂ ಹೋದ್ರು. ಊಟದ ಕೋಣೆಯಲ್ಲಿ ಐದೂ ಸಾಲಾಗಿ ತೂಗು ಹಾಕಿದಾರೆ. ನೆಂಟರು ಬಂದಿದ್ರು. ನಿನ್ನ ಮುಂದೆ ಬಂದು ಎಲ್ಲರೂ ನಿಂತ್ಬಿಟ್ರು. ಧಣಿ ಏನಂದ್ರು ಗೊತ್ತಾ? 'ಅರೆ, ಇವನು ನಮ್ಮ ಯೋರಿಸ್ ಅಲ್ವಾ!' ಅಂತ."

"ನಕ್ರಾ?"

"ನಕ್ರಾ ಅಂದ್ರೆ? ಕುಡಿದ ಬಿಯರ್ ಮೂಗಲ್ಲಿ ಬಂತು ಅವರಿಗೆ."

ಯೋರಿಸ್ ಮುಖದ ಮೇಲೆ ಈಗ ಯಾವಾಗಲೂ ಅದೇ ನಗು, ಅವನದಲ್ಲದ್ದು. ಆದರೆ ಕಣ್ಣು ಮಿನುಗಿತು. ಅದು ಅವನದೇ. ನಾನು ಕಂಡೆ.

ಸುಳ್ಳು. ಬುಧವಾರ ಹಚ್ಚಿದ ಬಣ್ಣ ಶುಕ್ರವಾರ ಯಾರೂ ಸಾಗಿಸುವುದಿಲ್ಲ. ಬೆರಳು ಇಟ್ಟರೆ ಮೆತ್ತಿಕೊಳ್ಳುವಷ್ಟು ಹಸಿ ಇರುತ್ತದೆ. ಬಣ್ಣದ ಮನೆಯಲ್ಲಿ ಹುಟ್ಟಿದವಳು ನಾನು. ಪೀಪಾಯಿ ಮಾಡುವವನಿಗೆ ಅದೆಲ್ಲ ಎಲ್ಲಿ ಗೊತ್ತಾಗಬೇಕು.

ಹೊರಗೆ ಕರೆದುಕೊಂಡು ಹೋಗಿ ಕೇಳಿದೆ.

"ಗೋಡೆಗೆ ಮುಖ ಮಾಡಿ ಇಟ್ಟಿದೀನಿ," ಎಂದ. "ಬಾಯಿ ಇನ್ನೂ ಬಂದಿಲ್ಲ. ಕುಂಚ ಎತ್ತೋಕೇ ಆಗ್ತಿಲ್ಲ ಸಾನೆ. ಮೊದಲಿನ ಬಾಯಿ ಹೇಗಿತ್ತು ಅಂತ ಎಷ್ಟು ನೆನೆಸ್ಕೊಂಡ್ರೂ ಇದೇ ಬರುತ್ತೆ, ಇದೇ..."

ಅವನ ಎದೆಗೆ ಗುದ್ದಿದೆ. ಎರಡೂ ಮುಷ್ಟಿಯಲ್ಲಿ, ಸದ್ದಾಗದ ಹಾಗೆ. ಒಳಗೆ ಕೇಳಿಸಬಾರದಲ್ಲ. ಅವನು ಸುಮ್ಮನೆ ನಿಂತು ಗುದ್ದಿಸಿಕೊಂಡ. ಅವನೂ ಸದ್ದಿಲ್ಲದೆ ಅತ್ತ. ದಾರಿಯಲ್ಲಿ ಹೋಗುವವರು ನಮ್ಮನ್ನು ನೋಡಿ ಏನೆಂದುಕೊಂಡರೋ.

ಕ್ಷಮಿಸಿದ್ದೇನೆಯೇ? ಇಲ್ಲ. ಆದರೆ ಆ ಸುಳ್ಳು ಹೇಳಿದ್ದಕ್ಕೆ ಅವನ ಕಾಲು ಹಿಡಿಯಬೇಕೆನಿಸಿತು.

ನವೆಂಬರ್ ೬, ಭಾನುವಾರ. ಮಧ್ಯಾಹ್ನ

ಬೆಳಿಗ್ಗೆ ಚರ್ಚಿನ ದೊಡ್ಡ ಗಂಟೆಗಳು. ಭಾನುವಾರವೆಂಬುದೇ ಮರೆತುಹೋಗಿತ್ತು ನನಗೆ. ಬರೆಯಲಾರೆ.

ಮೇಸ್ಟ್ರು ಬಂದು ಹೋದರು. ಈ ನಾಲ್ಕು ದಿನದಲ್ಲಿ ಹತ್ತು ವರ್ಷ ದೊಡ್ಡವರಾಗಿದ್ದಾರೆ. ಒಂದು ಕಾಸೂ ಮುಟ್ಟುತ್ತಿಲ್ಲ. ನೆಟ್ಟಗೆ ಕೇಳಿದೆ.

"ಉಳೀತಾನಾ?"

ತಲೆ ಅಲ್ಲಾಡಿಸಿದರು. "ಉಸಿರಾಡೋ ಸ್ನಾಯು ಹಿಡ್ಕೊಳ್ತಿದೆ. ಇನ್ನೊಂದೆರಡು ಸಲ ಬಂದ್ರೆ ತಡೆಯಲ್ಲ. ಏನೂ ತಾಗದ ಹಾಗೆ ನೋಡ್ಕೊಂಡ್ರೆ ನಾಳೆವರ್ಗೂ ಇರಬಹುದು."

"ಮುಟ್ಟಿದ್ರೆ?"

ಮೇಸ್ಟ್ರು ಟೋಪಿ ಹುಡುಕಿದರು. ಟೋಪಿ ತಲೆಯ ಮೇಲೇ ಇತ್ತು.

ಸಂಜೆ, ನಾಲ್ಕು ದಾಟಿದೆ

"ಸಾನೆ. ಕೈ."

ಅಷ್ಟೇ ಹೇಳುತ್ತಾನೆ. ಬೆಳಗಿನಿಂದ ಇದು ಮೂರನೆಯ ಸಲ. ಎರಡು ಸಲ ಬೇಡ ಎಂದೆ, ಮೇಸ್ಟ್ರು ಬೈಯುತ್ತಾರೆ ಎಂದೆ, ಮಗುವಿಗೆ ಹೇಳುವ ಹಾಗೆ. ಬುಧವಾರದಿಂದ ಅವನನ್ನು ಮುಟ್ಟಿಲ್ಲ ನಾನು. ಅದಕ್ಕೂ ಮುಂಚೆ ಮುನಿಸಿಕೊಂಡು ಮುಟ್ಟಿರಲಿಲ್ಲ. ಹಾಸಿಗೆಯಲ್ಲಿ ಬೆನ್ನು ತಿರುಗಿಸಿ ಮಲಗಿದ್ದೆ. ನನ್ನ ಸಿಟ್ಟಿಗೆ ಬೆಂಕಿ ಬೀಳಲಿ.

ಸೂರ್ಯ ಕಾಲುವೆಯ ಆಚೆಗೆ ಹೋಗಿದೆ. ಇನ್ನು ಸ್ವಲ್ಪ ಹೊತ್ತಿಗೆ ಆ ಮುದುಕ ಹಗ್ಗ ಹಿಡಿಯುತ್ತಾನೆ. ಎಷ್ಟು ಸಣ್ಣ ಗಂಟೆಯಾದರೂ ಕೇಳಿಸುತ್ತದೆ. ಎಷ್ಟು ದುಪ್ಪಟಿ ಹೊದಿಸಿದರೂ ಕೇಳಿಸುತ್ತದೆ. ಮುಟ್ಟದೆ ಇದ್ದರೆ ನಾಳೆವರೆಗೆ ಎಂದರು ಮೇಸ್ಟ್ರು. ಅವರ ಮನೆ ದೂರ, ಗಂಟೆಯ ಲೆಕ್ಕ ಅವರಿಗಿಲ್ಲ.

ಯೋಚಿಸಿದೆ. ದೇವರ ಹತ್ತಿರವೂ ಕೇಳಿದೆ, ಏನೂ ಹೇಳಲಿಲ್ಲ. ಊರ ಬಾಗಿಲು ಮುಚ್ಚುವ ಸದ್ದಿಗೆ ಯಾಕೆ ಹೋಗಬೇಕು ನನ್ನ ಯೋರಿಸ್? ಅದಕ್ಕೆ ಅವನು ಯಾರೆಂದೂ ಗೊತ್ತಿಲ್ಲ. ನನಗೆ ಗೊತ್ತು. ಹೋಗುವುದಾದರೆ ನನ್ನ ಕೈ ಹಿಡಿದುಕೊಂಡು ಹೋಗಲಿ. ಭಾವ ನೋಡಿದಷ್ಟು ಹೊತ್ತು ನಾನೂ ನೋಡುತ್ತೇನೆ.

ಮತ್ತೆ ಕರೆದ. ಬಂದೆ ಎಂದೆ.

ಮಂಚದ ಬಾಗಿಲಿಗೆ ಹೊದಿಸಿದ್ದ ಲಂಗ ತೆಗೆದೆ, ಬಾಗಿಲು ತೆರೆಯುತ್ತೇನೆ. ನನ್ನ ಬೆರಳು ಮಂಜುಗಡ್ಡೆಯ ಹಾಗಿವೆ, ಹೀಗೇ ಮುಟ್ಟಿದರೆ ಬೆಚ್ಚಿಬೀಳುತ್ತಾನೆ. ಒಲೆಯ ಹತ್ತಿರ ಹಿಡಿದು ಒಂದಿಷ್ಟು ಬೆಚ್ಚಗೆ ಮಾಡಿಕೊಂಡು —